ಕಾಟಾಕ್ಕೂ ಚೀಟಿಗೂ ನಡುವೆ

ಲ್ಯಾಪ್‌ಟಾಪಿಗೆ ಕಿವಿಗಳೇ ಇರಲಿಲ್ಲ. ಎಮ್ಮೆ ಕೊಳ್ಳಲು ಬಂದವನು ಅದರ ಬಾಯಿ ಬಿಡಿಸಿ ನೋಡುವಂತೆ ಜಿನೇಂದ್ರ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚುಗಳನ್ನೆಲ್ಲ ಹೆಬ್ಬೆರಳಿನಿಂದ ಸವರಿದ. ಒಂದು ಮಗ್ಗುಲಿಗೆ ಜೋಳದ ಕಾಳೂ ನುಗ್ಗದಂಥ ಎರಡು ತೂತು, ಇನ್ನೊಂದು ಮಗ್ಗುಲಿಗೆ ಬರೇ ನುಣುಪು. ಮೇಜಿನ ಮೇಲೆ ಗಾಡಿ ತೂಗುವ ಕಾಟಾದ ವೈರು ಬಾಯಿ ತೆರೆದು ಬಿದ್ದಿತ್ತು. ಎರಡು ಸಾಲು ರಂಧ್ರಗಳ ಅಗಲ ಬಾಯಿ, ಆಚೀಚೆ ಮೀಸೆಯಂತೆ ಎರಡು ಸ್ಕ್ರೂ. ಹೊರಗಿನ ಕಬ್ಬಿಣದ ಹಾಸಿನ ಮೇಲೆ ಕಬ್ಬಿನ ಟ್ರ್ಯಾಕ್ಟರು ಬಂದು ನಿಂತರೆ ಅದರ ಭಾರ ಕ್ಯಾಬಿನ್ನಿನ ಡಬ್ಬಿಯಲ್ಲಿ ಕೆಂಪು ಅಂಕಿಯಾಗಿ ಉರಿಯುತ್ತದೆ. ಆ ಅಂಕಿ ಈ ವೈರಿನಲ್ಲಿ ಹರಿದು, ಕಂಪ್ಯೂಟರಿಗೆ ಹೋಗಿ, ಚೀಟಿಯಾಗಿ ಹೊರಬೀಳುತ್ತದೆ. ಇಷ್ಟು ದಿನ ಹರಿದಿತ್ತು. ಮಳೆಗಾಲದಲ್ಲಿ ಒಂದು ಹಲ್ಲಿ ಹಳೆಯ ಕಂಪ್ಯೂಟರಿನ ಹೊಟ್ಟೆಗೆ ಹೊಕ್ಕು, ತಾನೂ ಸುಟ್ಟು ಅದನ್ನೂ ಸುಟ್ಟಿತು. ಹೆಂಡತಿ ತ್ರಿಶಲಾಳ ತಮ್ಮ ಸಾಂಗಲಿಯಿಂದ ಈ ಹೊಸದನ್ನು ತಂದುಕೊಟ್ಟು, ಭಾವಾಜಿ, ಇದು ಹಪ್ಪಳದಷ್ಟು ತೆಳು ನೋಡ್ರಿ ಎಂದು ಬೀಗಿದ್ದ. ಹಪ್ಪಳಕ್ಕೆ ವೈರು ಚುಚ್ಚುವುದೆಲ್ಲಿ? ತೂತು ಕಡಿಮೆ ಮಾಡಿ ಕೊಡುವವರ ಮನಸ್ಸಿನಲ್ಲಿ ಏನೋ ಇದ್ದೇ ಇರಬೇಕು ಎಂದು ಜಿನೇಂದ್ರನಿಗೆ ಅನ್ನಿಸಿತು. ಲ್ಯಾಪ್‌ಟಾಪು ಮಾಡಿದವರ ಮೇಲೆ ಸಿಟ್ಟು ಬಂತು, ಆಮೇಲೆ ಭಾವಮೈದುನನ ಮೇಲೆ, ಅದಾದ ಮೇಲೆ ಸತ್ತ ಹಲ್ಲಿಯ ಮೇಲೂ ಒಂದು ಸಂಶಯ ಬಂತು: ಅದು ಆ ಕಾಲಕ್ಕೇ ಸಾಯಬೇಕೆ?

ಆ ಕಾಟಾ ಎಂದರೆ ಸಾಮಾನ್ಯದ್ದಲ್ಲ. ದೂಧಗಂಗೆಯಿಂದ ಕೃಷ್ಣೆಯ ತನಕ ಅಂಥ ಸತ್ಯದ ವೇ ಬ್ರಿಜ್ ಇನ್ನೊಂದಿಲ್ಲ, ಇದ್ದರೆ ನದಿಯೇ ಹಿಂದಕ್ಕೆ ಹರಿಯುತ್ತಿತ್ತು. ಹಾಸಿನ ಮೇಲೆ ಕಾಗೆ ಕೂತರೆ ಅಂಕಿ ಏರುತ್ತಿತ್ತಂತೆ, ಅದು ರೆಕ್ಕೆ ಬಿಚ್ಚಿದರೆ ಅರ್ಧ ಇಳಿಯುತ್ತಿತ್ತಂತೆ. ಅಥಣಿಯ ದ್ರಾಕ್ಷಿಯವರು, ಚಿಕ್ಕೋಡಿಯ ಅರಿಷಿಣದವರು, ರಾಯಬಾಗದ ಕಬ್ಬಿನವರು ಎಲ್ಲರಿಗೂ ಕಾಗವಾಡದ ರಸ್ತೆಯ ಈ ಕಾಟಾದ ಚೀಟಿಯೆಂದರೆ ತಾಮ್ರಪತ್ರ. ಮುಗಳಖೋಡದಿಂದ ಜಗಳವಾಡುತ್ತ ಬಂದ ಅಣ್ಣತಮ್ಮಂದಿರು ಈ ಹಾಸಿನ ಮೇಲೆ ಬರಿಗಾಲಲ್ಲಿ ನಿಂತು ಆಣೆ ಮಾಡಿ, ಅಲ್ಲೇ ಅಪ್ಪಿಕೊಂಡು ಅತ್ತು, ಒಟ್ಟಿಗೇ ಚಹಾ ಕುಡಿದು ಹೋದದ್ದನ್ನು ಕಂಡವರು ಇನ್ನೂ ಇದ್ದಾರೆ. ಈ ಕೀರ್ತಿಯನ್ನು ಕಟ್ಟಿದ್ದು ಜಿನೇಂದ್ರನ ಅಪ್ಪ ಜಿನ್ನಪ್ಪ. ಪ್ರತಿ ವರ್ಷ ಕಬ್ಬಿನ ಹಂಗಾಮು ಸುರುವಾಗುವಾಗ ಕಾಟಾದ ಮಾಲಕ ಹಾಸಿನ ಮೇಲೆ ಬರಿಗಾಲಲ್ಲಿ ನಿಂತು, ಕಾಯಿ ಹಿಡಿದು, ರೈತರ ಎದುರು ಹೇಳಬೇಕು: ಕಾಟಾಕ್ಕೂ ಚೀಟಿಗೂ ನಡುವ ವೈರ್ ಬಿಟ್ರ ಮತ್ತೇನಿಲ್ಲ. ಎಲ್ಲೋ ಯಾವನೋ ಒಬ್ಬ ವೈರಿನ ನಡುವೆ ಕಡ್ಡಿಪೆಟ್ಟಿಗೆಯಷ್ಟು ಡಬ್ಬಿ ಕೂರಿಸಿ ಗಾಡಿಗಾಡಿಗೂ ಕಬ್ಬು ನುಂಗುತ್ತಿದ್ದನೆಂಬ ಸುದ್ದಿ ಹಬ್ಬಿದ ಮೇಲೆ ಹುಟ್ಟಿಕೊಂಡ ಆಣೆ ಅದು. ಹೇಳದ ಕಾಟಾದ ಮೇಲೆ ಯಾರೂ ಚಕ್ರ ಏರಿಸುವುದಿಲ್ಲ. ಫ್ಯಾಕ್ಟರಿಗೆ ಹೋಗುವ ಮೊದಲು ತಮ್ಮ ಕಬ್ಬಿನ ತೂಕ ತಾವು ನೋಡಿಕೊಳ್ಳಲು ಬರುವವರು ಅವರು, ಬರುವುದೇ ಸಂಶಯದಿಂದ. ಅಪ್ಪ ಆ ಮಾತನ್ನು ಮಂತ್ರದ ಹಾಗೆ ಹೇಳುತ್ತಿದ್ದ. ಅವನ ಕೊರಳಿನ ನರ ಉಬ್ಬುತ್ತಿತ್ತು. ಜಿನೇಂದ್ರ ಹೇಳುವಾಗ ದನಿ ಯಾಕೋ ಪ್ರತಿಸಲ ಕೊನೆಯಲ್ಲಿ ತೆಳ್ಳಗಾಗಿ, ಜನ ಕಿವಿ ಮುಂದೆ ಮಾಡಬೇಕಾಗುತ್ತಿತ್ತು. ನಡುವೆ ಏನೂ ಇಲ್ಲದಿದ್ದಾಗಲೇ ಹಾಗೆ. ಈ ವರ್ಷ ಈ ವೈರು ಆ ತೂತಿಗೆ ಹೋಗಬೇಕೆಂದರೆ ನಡುವೆ ಏನಾದರೊಂದು ಬೇಕೇ ಬೇಕು.

ಹಳೆಯ ಕಂಪ್ಯೂಟರು ಕೋಳಿಗೂಡಿನಷ್ಟು ದೊಡ್ಡದಿತ್ತು, ಅದರೊಳಗೆ ಒಂದು ಸಂಸಾರ ಅಡಗಿಕೊಳ್ಳಬಹುದಿತ್ತು; ಅದರ ಮೇಲೆ ಯಾರೂ ಸಂಶಯಪಟ್ಟಿರಲಿಲ್ಲ. ಸಣ್ಣದಕ್ಕೇ ಜನ ಹೆದರುತ್ತಾರೆ. ಕೈಬರಹದಲ್ಲಿ ಚೀಟಿ ಕೊಡೋಣವೆಂದರೆ, ಬರೆಯುವ ಕೈಗೆ ಬುದ್ಧಿಯಿರುತ್ತದೆ, ಬುದ್ಧಿಯಿದ್ದಲ್ಲಿ ಮೋಸವಿರುತ್ತದೆ ಎಂದು ಅವರೇ ಹಿಂದೊಮ್ಮೆ ತಿರುಗಿ ಹೋಗಿದ್ದರು. ಅಡಾಪ್ಟರ್ ಎಂಬುದು ಸಿಗುತ್ತದೆ, ಅದನ್ನು ಚುಚ್ಚಿದರೆ ಮುಗಿಯಿತು ಎಂದು ಭಾವಮೈದುನ ಫೋನಿನಲ್ಲಿ ನಕ್ಕಿದ್ದ. ಅವನಿಗೇನು, ಅವನು ಯಾವ ಹಾಸಿನ ಮೇಲೂ ನಿಲ್ಲಬೇಕಾಗಿಲ್ಲ. ಜಿನೇಂದ್ರ ಆ ರಾತ್ರಿಯೆಲ್ಲ ಒಂದೇ ಯೋಚಿಸಿದ: ವೈರಿನಂತೆಯೇ ಕಾಣುವ ಅಡಾಪ್ಟರ್ ಸಿಕ್ಕರೆ ಅದು ವೈರೇ ಆಯಿತಲ್ಲ. ಆಣೆಯಲ್ಲಿ ವೈರು ಎಷ್ಟು ದಪ್ಪವಿರಬೇಕೆಂದು ಯಾರೂ ಹೇಳಿಲ್ಲ. ಈ ಯೋಚನೆಯಿಂದ ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು, ಬಸದಿಯಲ್ಲಿ ಚಿಕ್ಕಂದಿನಲ್ಲಿ ಸುಳ್ಳಾಡುವುದಿಲ್ಲವೆಂದು ಕೈಮುಗಿದು ವ್ರತ ತೆಗೆದುಕೊಳ್ಳುವಾಗ ಪಕ್ಕದ ಹುಡುಗಿಯ ರಿಬ್ಬನ್ನು ನೋಡುತ್ತಿದ್ದದ್ದು ನೆನಪಾಯಿತು. ಆ ವ್ರತ ತನಗೆ ತಾಗಿತ್ತೋ ಇಲ್ಲವೋ.

ಎಲ್ಲಿ ಕೊಳ್ಳುವುದು ಎಂಬುದೇ ಒಂದು ಮಹಾಯುದ್ಧ. ಕಾಗವಾಡದಲ್ಲಿ ಕೊಂಡರೆ ಸಂಜೆಗೆ ಜುಗೂಳದ ಕಟ್ಟೆಯ ಮೇಲೆ ಸುದ್ದಿ. ಅಥಣಿಯಲ್ಲಿ ಅವನ ಮುಖ ಗೊತ್ತಿಲ್ಲದ ಅಂಗಡಿಯೇ ಇಲ್ಲ. ಚಿಕ್ಕೋಡಿಯಲ್ಲಿ ತ್ರಿಶಲಾಳ ಬೀಗರು ಬೀದಿಬೀದಿಗೂ ಇದ್ದಾರೆ. ರಾಯಬಾಗದ ಸಂತೆಯಲ್ಲಿ ಕಬ್ಬಿನವರೇ ತುಂಬಿರುತ್ತಾರೆ. ಕೊನೆಗೆ ಅವನು ಬೈಕಿನ ಮೇಲಿದ್ದ ಕಾಟಾದ ಹೆಸರಿನ ಸ್ಟಿಕ್ಕರಿಗೆ ಕೆಸರು ಬಳಿದು ನಿಪ್ಪಾಣಿಗೆ ಹೊರಟ. ತಂಬಾಕಿನ ಘಾಟಿಗೆ ಊರ ಹೊರಗೇ ಸೀನು ಹತ್ತಿತು. ಎಂಥ ಸೀನು ಅಂತೀರಿ, ಎದುರು ಬರುತ್ತಿದ್ದ ಎತ್ತುಗಳು ನಿಂತು ದಾರಿ ಬಿಟ್ಟವು. ಕಳ್ಳತನಕ್ಕೆ ಹೋಗುವವನು ಮಾತ್ರ ಇಷ್ಟು ಸೀನುತ್ತಾನೆ ಎಂದು ಅವನಿಗೇ ಅನ್ನಿಸಿತು. ಅಂಗಡಿಯಲ್ಲಿ ಕಾಂಚನ ಎಂಬಾಕೆ ಕೂತಿದ್ದಳು. ಹಿಂದಿನ ಗೋಡೆಯ ತುಂಬ ಹಾವಿನ ಮರಿಗಳಂತೆ ಕಪ್ಪು ಬಿಳಿ ವೈರುಗಳು ಜೋತಾಡುತ್ತಿದ್ದವು. ಕಾಯ್ ಪಾಯಜೆ ದಾದಾ, ಏನು ಬೇಕೆಂದು ಮರಾಠಿಯಲ್ಲಿ ಕೇಳಿದಳು. ಅವನು ಲ್ಯಾಪ್‌ಟಾಪಿಗೆ ಹಳೆಯ ಸಾಮಾನು ಜೋಡಿಸಬೇಕೆಂದ. ಯಾವ ಸಾಮಾನೆಂದು ಕೇಳಿದಳು. ಎಲ್ಲ ತಪ್ಪೂ ಆ ಒಂದು ಗಳಿಗೆಯಲ್ಲೇ ಆಯಿತು. ಕಾಟಾ ಎಂಬ ಎರಡಕ್ಷರ ಅವನ ನಾಲಗೆಯ ತುದಿಗೆ ಬಂದು, ಅಲ್ಲಿಂದ ತಿರುಗಿ ಹೊಟ್ಟೆಗೆ ಹೋಗಿ, ಟೀವಿಯಾಗಿ ಹೊರಬಂತು. ಹಳೇ ಟೀವಿ, ಅಗಲ ಬಾಯಿ, ಮೀಸಿಯಂಗ ಸ್ಕ್ರೂ ಇರ್ತಾವಲ್ಲ, ಎಂದ. ಆಕೆ ಟೀವಿಗೆ ಸರಿಯಾದದ್ದನ್ನೇ ಕೊಟ್ಟಳು. ಮನೆಗೆ ತಂದು ನೋಡಿದರೆ ಆಕೆ ಕೊಟ್ಟದ್ದಕ್ಕೆ ಮೂರು ಸಾಲು ರಂಧ್ರ, ಕಾಟಾದ ವೈರಿಗೆ ಎರಡು ಸಾಲು ರಂಧ್ರ. ತೂತಿಗೆ ತೂತು ಮುತ್ತಿಟ್ಟುಕೊಂಡು ಕೂತವು. ತನಗೆ ಬೇಕಂತಲೇ ತಪ್ಪು ಕೊಟ್ಟಳೆಂದು ಅವನು ಆಕೆಯನ್ನು ಬೈದ. ಸುಳ್ಳು ಹೇಳಿದ್ದು ತಾನೆಂಬುದು ಬೈದು ಮುಗಿದ ಮೇಲೆ ನೆನಪಾಯಿತು.

ತ್ರಿಶಲಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ವೈರಿನ ಬಾಯಿಯನ್ನು ಟವೆಲಿನಲ್ಲಿ ಸುತ್ತಿ ಇಟ್ಟದ್ದನ್ನು ಕಂಡು, ಅದಕ್ಕೇನು ನೆಗಡಿ ಬಂದೈತೇನ್ರಿ ಎಂದಳು. ಅವನು ಟವೆಲಿಗೆ ಇನ್ನೊಂದು ಸುತ್ತು ಹಾಕಿದ. ತನ್ನ ತಮ್ಮ ತಂದದ್ದಕ್ಕೆ ಹೆಸರಿಡುವುದಕ್ಕಾಗಿಯೇ ಹೀಗೆಲ್ಲ ಮಾಡುತ್ತಿದ್ದಾರೆಂದು ಆಕೆಗೆ ಅನುಮಾನ. ತಮ್ಮನ ಪರವಾಗಿ ತನ್ನನ್ನು ಕಾಯುತ್ತಿದ್ದಾಳೆಂದು ಅವನಿಗೆ ಅನುಮಾನ. ಇಬ್ಬರೂ ಒಂದೇ ತಾಟಿನಿಂದ ಚುರಮುರಿ ತಿಂದರು, ಒಬ್ಬರ ಕೈ ಇನ್ನೊಬ್ಬರ ಕಡೆಯ ಶೇಂಗಾಕ್ಕೆ ಹೋಗದಂತೆ.

ಎರಡನೆಯ ಸಲ ಹೋದಾಗ ಅವನು ಅಂಗೈಯ ಮೇಲೆ ಪೆನ್ನಿನಿಂದ ಎರಡು ಸಾಲು ಚುಕ್ಕೆ ಬರೆದುಕೊಂಡು ಹೋದ. ಕಾಂಚನ ಅಂಗೈ ನೋಡಿದಳು, ಅವನ ಮುಖ ನೋಡಿದಳು, ಮತ್ತೆ ಅಂಗೈ ನೋಡಿದಳು. ಜ್ಯೋತಿಷಿಯೂ ಅಷ್ಟು ಹೊತ್ತು ನೋಡುವುದಿಲ್ಲ. ಕಾಟಾದ ವೈರೇನು ಎಂದು ಮೆಲ್ಲಗೆ ಕೇಳಿದಳು. ಅಲ್ಲವೆಂದ. ನಮ್ಮ ಅಣ್ಣನ ದವಾಖಾನಿದು, ರಕ್ತ ನೋಡೋ ಮಷೀನು, ಎಂದ. ಅವನಿಗೆ ಅಣ್ಣನಿರಲಿಲ್ಲ, ಇಲ್ಲದ ಅಣ್ಣನಿಗೆ ದವಾಖಾನೆ ಕಟ್ಟಿಸುವಾಗ ಅವನ ಕಿವಿ ಕೆಂಪಾದವು. ಆಕೆ ಎರಡನ್ನು ತಂದು ಗಾಜಿನ ಮೇಲಿಟ್ಟಳು. ಒಂದರ ನಡುವೆ ನೀಲಿ ಡಬ್ಬಿ, ಡಬ್ಬಿಯೊಳಗೆ ಪುಟ್ಟ ದೀಪ, ಅಂಕಿ ಹರಿದಾಗಲೆಲ್ಲ ಹಸಿರಾಗಿ ಮಿಣುಕುತ್ತದಂತೆ. ಇನ್ನೊಂದು ಬರೇ ಕಪ್ಪು ವೈರು. ಡಬ್ಬಿಯಿಲ್ಲ, ದೀಪವಿಲ್ಲ, ಹುಟ್ಟಿನಿಂದಲೇ ವೈರಾಗಿದ್ದಂತೆ ಮುಗ್ಧವಾಗಿ ಬಿದ್ದುಕೊಂಡಿತ್ತು. ದೀಪದ್ದು ಎಂಥ ಹಳೇ ಮಷೀನಿನ ಜೊತೆಗೂ ಮಾತಾಡುತ್ತದೆ, ಈ ಕಪ್ಪಿನದರ ಭರವಸೆಯಿಲ್ಲ, ನಕಲಿ ಮಾಲು ಬಹಳ ಬರುತ್ತದೆ ಎಂದು ಆಕೆಯೇ ಹೇಳಿದಳು. ತನ್ನ ಮಾಲನ್ನು ತಾನೇ ಬೈಯುವವಳನ್ನು ನಂಬುವುದು ಹೇಗೆ? ದೀಪದ್ದನ್ನು ದಾಟಿಸಲು ಹೂಡಿದ ಆಟವಿದು ಎಂದು ಅವನು ಒಳಗೊಳಗೇ ನಕ್ಕ. ಬೆಲೆ ಕೇಳದೆ ಕಪ್ಪಿನದನ್ನೇ ತೆಗೆದುಕೊಂಡ. ಲ್ಯಾಪ್‌ಟಾಪಿನ ಸಣ್ಣ ತೂತಿಗೆ ಈ ವೈರಿನ ಚಪ್ಪಟೆ ಮೂತಿ ಹೋಗುವುದಿಲ್ಲವೆಂದು ಆಕೆ ಇನ್ನೊಂದು ಬೆರಳುಗಾತ್ರದ ತುಣುಕನ್ನೂ ಕೊಟ್ಟಳು. ಅಡಾಪ್ಟರಿಗೊಂದು ಅಡಾಪ್ಟರು. ಹೊರಗೆ ಬಂದು ಮತ್ತೆ ಸೀನುತ್ತ ಬೈಕಿನ ಚಾವಿ ತಿರುವುತ್ತಿದ್ದಂತೆ ಎದುರಿನ ಚಹಾದಂಗಡಿಯಿಂದ ಯಾರೋ ಕೈ ಎತ್ತಿದರು. ಅನಂತಪುರದ ಮಾಳಸಿದ್ದ. ಜುಗೂಳದ ಮುರಗೆಪ್ಪನ ಟ್ರ್ಯಾಕ್ಟರು ಹೊಡೆಯುವವನು. ಐದು ತಾಲೂಕಿನಲ್ಲಿ ಅವನಷ್ಟು ಉದ್ದ ನಾಲಗೆ ಇನ್ನಾರಿಗೂ ಇಲ್ಲ; ಇಲ್ಲಿ ಕೂತು ಅಲ್ಲಿಯ ಮಜ್ಜಿಗೆ ಕಲಕುತ್ತಾನೆ. ಅವನು ಕೈ ಎತ್ತಿ ಹಲ್ಲು ಬಿಟ್ಟ. ಬರೇ ಗುರುತಿನ ನಗುವೋ, ಎಲ್ಲ ಗೊತ್ತಾಯಿತೆಂಬ ನಗುವೋ ತಿಳಿಯದೆ ಜಿನೇಂದ್ರ ಕಾಗವಾಡದ ತನಕ ಆ ಹಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದ.

ಕಪ್ಪು ವೈರು ಮಾತಾಡಲಿಲ್ಲ. ಕಾಟಾದ ಡಬ್ಬಿಯಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು, ಲ್ಯಾಪ್‌ಟಾಪಿನ ಪರದೆ ಮೌನವ್ರತ ಹಿಡಿದು ಕೂತಿತ್ತು. ತಾನೇ ಹಾಸಿನ ಮೇಲೆ ಹೋಗಿ ನಿಂತ, ಕುಣಿದ, ಬಂದು ನೋಡಿದ, ಏನೂ ಇಲ್ಲ. ಹಂಗಾಮು ಎದುರಿಗೇ ಬಂದಿತ್ತು. ಅಥಣಿಯ ರಸ್ತೆಯಲ್ಲಿ ಇನ್ನೊಂದು ಕಾಟಾ ಇಟ್ಟಿರುವ ಮಹಾದೇವ ತನ್ನ ಹಾಸು ತೊಳೆದು, ಬಾಳೆಕಂಬ ಕಟ್ಟಿ, ನಾಳೆಯೇ ಆಣೆ ಮಾಡುತ್ತಾನೆಂಬ ಸುದ್ದಿ ಬಂತು. ಜಿನೇಂದ್ರನಿಗೂ ಮಹಾದೇವನಿಗೂ ಮಾತಿಲ್ಲ. ಮದುವೆಯ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತರೆ ಅನ್ನ ವಿಷವಾಗುತ್ತದೆಂದು ನಂಬಿದವರು. ಒಬ್ಬನ ಗಿರಾಕಿ ಇನ್ನೊಬ್ಬನ ಕಾಟಾ ಹತ್ತಿದರೆ ಇಬ್ಬರಿಗೂ ಜ್ವರ. ಮತ್ತೆ ನಿಪ್ಪಾಣಿಗೆ ಹೋಗಲೇಬೇಕಾಯಿತು. ಈ ಸಲ ಕಾಂಚನ ಏನೂ ಕೇಳಲಿಲ್ಲ. ಅವನು ಬಾಗಿಲಲ್ಲಿ ಕಂಡದ್ದೇ ನೀಲಿ ಡಬ್ಬಿಯದನ್ನು ತೆಗೆದು ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ಅವಳು ಅಣ್ಣನ ಆರೋಗ್ಯ ಕೇಳಿದ್ದರೆ, ಒಂದು ಹಾಸ್ಯ ಮಾಡಿದ್ದರೆ, ಬೈದಿದ್ದರೂ ಬದುಕಬಹುದಿತ್ತು.

ನೀಲಿಯದು ಚುಚ್ಚಿದ ತಕ್ಷಣ ಮಾತಾಡಿತು. ಕಾಟಾದ ಡಬ್ಬಿಯ ಅಂಕಿಯೂ ಪರದೆಯ ಅಂಕಿಯೂ ಅವಳಿಜವಳಿಯಂತೆ ಕೂಡಿಯೇ ಏರಿದವು, ಕೂಡಿಯೇ ಇಳಿದವು. ಪ್ರಿಂಟರು ಕರಕರನೆ ಚೀಟಿ ಉಗುಳಿತು. ಜಿನೇಂದ್ರನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಅವನು ಆ ಪುಟ್ಟ ಹಸಿರು ದೀಪವನ್ನೇ ನೋಡುತ್ತ ಕೂತ. ಇಷ್ಟು ಸಲೀಸಾಗಿ ಸರಿಹೋಗುವುದೆಂದರೆ? ಕೆಂಪು ಅಂಕಿ ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಹೊರಬರುವಾಗ ಒಳಗೆ ಏನಾಗುತ್ತದೆ? ಇವತ್ತು ಸರಿ ಹೇಳಿದ್ದು ಗಾಡಿ ಬಂದಾಗಲೂ ಸರಿ ಹೇಳುತ್ತದೆಯೆ? ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದನೆಂದು ಯೋಚಿಸಿದಾಗ, ಆ ಕೋಳಿಗೂಡಿನಂಥ ಕಂಪ್ಯೂಟರಿನೊಳಗೆ ಏನಾಗುತ್ತಿತ್ತೆಂದು ಅಪ್ಪನಿಗೂ ಗೊತ್ತಿರಲಿಲ್ಲವೆಂಬುದು ಹೊಳೆಯಿತು. ಗೊತ್ತಿಲ್ಲದೆಯೇ ಕೊರಳಿನ ನರ ಉಬ್ಬಿಸಿ ಹೇಳುತ್ತಿದ್ದ. ಈ ಯೋಚನೆ ಬಂದದ್ದಕ್ಕೆ ಅಪ್ಪನ ಫೋಟೋದ ಕಡೆ ನೋಡಲಾಗದೆ, ದೀಪದ ಮೇಲೆ ಕರಿಯ ಟೇಪು ಸುತ್ತಿದ. ಟೇಪಿನ ಅಂಚಿನಿಂದ ಹಸಿರು ಸೋರಿತು. ಇನ್ನೂ ಸುತ್ತಿದ. ಸುತ್ತಿ ಸುತ್ತಿ ಅದು ನಿಂಬೆಹಣ್ಣಿನಷ್ಟು ದಪ್ಪವಾಗಿ, ಮೊದಲಿಗಿಂತ ಹತ್ತು ಪಟ್ಟು ಸಂಶಯಾಸ್ಪದವಾಗಿ ಕಂಡಿತು.

ಆಣೆಯ ದಿನ ಬೆಳಿಗ್ಗೆ ಜನ ಸೇರಿದರು. ಹೇಳುವವರು ನೂರು ಎನ್ನುತ್ತಾರೆ. ಜಿನೇಂದ್ರನ ಕಣ್ಣಿಗೆ ಇಡೀ ಜಿಲ್ಲೆಯೇ ಬಂದಂತಿತ್ತು. ಎಲ್ಲರ ಮುಂದೆ ಜುಗೂಳದ ಮುರಗೆಪ್ಪ, ತಲೆಗೆ ಪಟಕಾ ಸುತ್ತಿಕೊಂಡು, ಅಪ್ಪನ ಕಾಲದಿಂದ ಮೊದಲ ಗಾಡಿ ತರುವವನು. ಅವನ ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಮೇಲೆ ಮಾಳಸಿದ್ದ. ಜಿನೇಂದ್ರ ಬರಿಗಾಲಲ್ಲಿ ಹಾಸಿನ ನಡುವೆ ಹೋಗಿ ನಿಂತು ಕಾಯಿ ಎತ್ತಿದ. ವೈರೇ ಅಲ್ಲವೆ ಅದು, ವೈರಿಗೆ ಸುತ್ತಿದ ಟೇಪು, ಅಷ್ಟೇ, ಎಂದು ಒಳಗೆ ಯಾರೋ ಹೇಳುತ್ತಿದ್ದರು. ಕಾಟಾಕ್ಕೂ ಚೀಟಿಗೂ ನಡುವ ಎಂದ. ಅಷ್ಟರಲ್ಲಿ ಮಾಳಸಿದ್ದ ಹಲ್ಲು ಬಿಟ್ಟ. ಅದೇ ನಿಪ್ಪಾಣಿಯ ನಗು. ಇವನಿಗೆ ಗೊತ್ತು, ಇವನು ಆಣೆ ಮುಗಿಯಲೆಂದೇ ಕಾಯುತ್ತಿದ್ದಾನೆ, ಮುಗಿದ ಮರುಗಳಿಗೆ ಬಾಯಿ ತೆರೆಯುತ್ತಾನೆ. ಎತ್ತಿದ ಕಾಯಿ ಎದೆಯ ತನಕ ಇಳಿಯಿತು. ಸತ್ಯಕ್ಕೆ ಹೆದರಿದ್ದಲ್ಲ, ಮಾಳಸಿದ್ದನಿಗೆ ಹೆದರಿದ್ದು ಎಂಬುದು ಅವನಿಗೆ ಆಗಲೂ ಗೊತ್ತಿತ್ತು.

"ವೈರ್ ಐತಿ," ಎಂದ ಜಿನೇಂದ್ರ, "ಮತ್ತ ನಡುವ ಇನ್ನೊಂದ್ ಐತ್ರಿ."

ಕಾಯಿ ಕೆಳಗಿಟ್ಟು ಕ್ಯಾಬಿನ್ನಿಗೆ ಹೋಗಿ, ಟೇಪು ಹರಿದು, ನೀಲಿ ಡಬ್ಬಿಯನ್ನು ಬಾಲಗಳ ಸಮೇತ ತಂದು ಮುರಗೆಪ್ಪನ ಎದುರು ಹಿಡಿದ. ಹೊಸ ಲ್ಯಾಪ್‌ಟಾಪಿನ ಕಥೆ, ಹಲ್ಲಿಯ ಕಥೆ, ಎಲ್ಲ ಹೇಳಿದ. ಜನರ ಮುಖಗಳು ಒಂದೊಂದಾಗಿ ಮುಚ್ಚಿಕೊಂಡದ್ದನ್ನು ಅವನು ನೋಡಿದ, ಸಂಜೆ ಪೇಟೆಯಲ್ಲಿ ಅಂಗಡಿಯ ಹಲಗೆ ಹಾಕಿಕೊಳ್ಳುವಂತೆ. ಮುರಗೆಪ್ಪ ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿದ, ಕಿವಿಯ ಹತ್ತಿರ ಅಲುಗಾಡಿಸಿದ.

"ಇದರೊಳಗ ಏನ್ ನಡೀತೈತಿ ತಮ್ಮಾ?"

"ನನಗ ಗೊತ್ತಿಲ್ರಿ ಕಾಕಾ."

"ಗೊತ್ತಿಲ್ಲಾರದ್ದನ್ನ ತಂದು ಹಾಕೀಯೇನ?"

ಜಿನೇಂದ್ರ ಹೌದೆಂದು ತಲೆಯಾಡಿಸಿದ. ಟ್ರ್ಯಾಕ್ಟರಿನ ಮೇಲಿಂದ ಮಾಳಸಿದ್ದ, ಸಾವಕಾರ್ರು ಇಷ್ಟು ತಾವಾಗಿ ತೋರಿಸ್ಯಾರಂದ್ರ ತೋರಿಸಲಾರದ್ದು ಎಷ್ಟೈತ್ಯೋ ಎಂದ. ಜನ ಗುಜುಗುಜು ಮಾಡಿದರು. ಇಬ್ಬರು ಬಗ್ಗಿ ಹಾಸಿನ ಕೆಳಗೆ ಇಣುಕಿದರು. ನಿನಗೆ ನಿಪ್ಪಾಣಿಯಲ್ಲೇ ಗೊತ್ತಾಗಿತ್ತಲ್ಲ, ಈಗೇಕೆ ಹೊಸದಾಗಿ ಮಾತಾಡುತ್ತೀ ಎಂದು ಜಿನೇಂದ್ರ ಕೇಳಿಬಿಟ್ಟ. ಮಾಳಸಿದ್ದ ಕಣ್ಣು ಪಿಳಿಪಿಳಿ ಬಿಟ್ಟ. ನಿಪ್ಪಾಣಿಗೆ ತಾನು ಟೈರು ತರಲು ಹೋಗಿದ್ದೆ, ಸಾವಕಾರರು ಸೀನುವುದನ್ನು ಕಂಡು ಕೈ ಎತ್ತಿದೆ ಎಂದ. ಹಾಗಾದರೆ ಈಗ ನಕ್ಕದ್ದೇಕೆ? ಮಾಳಸಿದ್ದ ಬೆರಳು ತೋರಿಸಿದ. ಜಿನೇಂದ್ರ ಬಗ್ಗಿ ನೋಡಿಕೊಂಡ. ಆಣೆಗೆಂದು ತೊಟ್ಟ ಹೊಸ ಪ್ಯಾಂಟಿನ ಒಂದು ಕಾಲು ಮೊಳಕಾಲ ತನಕ ಮಡಿಸಿತ್ತು, ಇನ್ನೊಂದು ಇಳಿಬಿದ್ದಿತ್ತು, ಇಳಿಬಿದ್ದದ್ದರ ತುದಿಗೆ ಅಂಗಡಿಯ ಅಳತೆಯ ಚೀಟಿ ಹಾಗೇ ಅಂಟಿಕೊಂಡಿತ್ತು. ಈ ನಗುವಿಗೆ ಹೆದರಿಯೇ ಅವನು ಸತ್ಯ ಹೇಳಿಬಿಟ್ಟಿದ್ದ. ಅವನು ಬಗ್ಗಿ ಆ ಚೀಟಿಯನ್ನು ಕಿತ್ತ. ಎಲ್ಲರೂ ನೋಡುತ್ತಿರುವಾಗ ಕಿತ್ತದ್ದನ್ನು ಎಲ್ಲಿ ಒಗೆಯಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ.

ಮುರಗೆಪ್ಪ ತೀರ್ಪು ಕೊಟ್ಟ. ಈ ಡಬ್ಬಿಯನ್ನು ಜಿನೇಂದ್ರ ಎಲ್ಲರ ಕಣ್ಣೆದುರು ಮೇಜಿನ ಮೇಲೆ, ಮುಚ್ಚದೆ, ಇದ್ದ ಹಾಗೆ ಜೋಡಿಸಬೇಕು. ಮಾಳಸಿದ್ದ ಗಾಡಿಯನ್ನು ಮೊದಲು ಮಹಾದೇವನ ಕಾಟಾಕ್ಕೆ ಒಯ್ಯಬೇಕು. ಮಹಾದೇವ ನಿನ್ನೆಯೇ ಎಲ್ಲರ ಎದುರು ಏನೂ ಇಲ್ಲವೆಂದು ಆಣೆ ಮಾಡಿದವನು. ಅಲ್ಲಿ ತೂಗಿ, ಚೀಟಿ ತಂದು, ಇಲ್ಲಿ ತೂಗಬೇಕು. ಅಂಕಿ ಬೇರೆ ಬಂದರೆ ಈ ಹಂಗಾಮಿಗೆ ಜಿನ್ನಪ್ಪನ ಕಾಟಾದ ಮೇಲೆ ಒಂದು ಕಬ್ಬೂ ಏರುವುದಿಲ್ಲ. ಗಾಡಿಯ ಮೇಲೆ ಮಾಳಸಿದ್ದನ ಜೊತೆಗೆ ಇಬ್ಬರು ಹತ್ತಿದರು, ಮಾಳಸಿದ್ದನ ಮೇಲೆ ಸಂಶಯವಿದ್ದುದರಿಂದ. ಆ ಇಬ್ಬರ ಮೇಲೆ ಸಂಶಯವಿದ್ದ ಮತ್ತೊಬ್ಬ ಬೈಕಿನಲ್ಲಿ ಹಿಂದೆ ಹೋದ.

ಕಾಯುವಾಗ ಜಿನೇಂದ್ರನಿಗೆ ವಿಚಿತ್ರವಾದ ಹಗುರವಾಯಿತು. ಇಷ್ಟು ದಿನ ತಾನೊಬ್ಬನೇ ಹೊತ್ತಿದ್ದ ಸಂಶಯವನ್ನು ಈಗ ಊರೆಲ್ಲ ಹೊತ್ತಿತ್ತು. ಮೇಜಿನ ಮೇಲೆ ಹಸಿರು ದೀಪ ಲಜ್ಜೆಯಿಲ್ಲದೆ ಮಿಣುಕುತ್ತಿತ್ತು, ಜನ ಕಿಟಕಿಗೆ ಮೂಗು ಒತ್ತಿ ಅದನ್ನು ಮೃಗಾಲಯದ ಪ್ರಾಣಿಯಂತೆ ನೋಡುತ್ತಿದ್ದರು. ತ್ರಿಶಲಾ ಎಲ್ಲರಿಗೂ ಚಹಾ ತಂದಳು. ಅವನ ಲೋಟ ಕೊಡುವಾಗ, ನನ್ನ ತಮ್ಮನ ಹೆಸರು ತಗೋಲಿಲ್ಲಲ್ಲ, ಬಾಳ ದೊಡ್ಡ ಉಪಕಾರಾತು ಎಂದು ಪಿಸುಗುಟ್ಟಿದಳು. ಅದು ಕುಟುಕೋ ಮೆಚ್ಚುಗೆಯೋ ಅವನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಚಹಾ ಸಿಹಿಯಾಗಿತ್ತು. ಮಹಾದೇವನ ಅಂಕಿಯೇ ಸುಳ್ಳಾಗಿದ್ದರೆ? ಆಗ ತನ್ನದು ಸರಿಯಿದ್ದೂ ತಾನೇ ಕಳ್ಳ. ಎರಡೂ ಒಂದೇ ಆಗಲಿ ಎಂದು, ಜನ್ಮದಲ್ಲಿ ಮೊದಲ ಸಲ, ಅವನು ಮಹಾದೇವನ ಒಳಿತಿಗಾಗಿ ಪಂಚ ನಮಸ್ಕಾರ ಮಂತ್ರ ಹೇಳಿಕೊಂಡ.

ಗಾಡಿ ತಿರುಗಿ ಬಂತು. ಹಾಸಿನ ಮೇಲೆ ಏರಿತು, ಕೆಂಪು ಅಂಕಿ ಓಡಿ ಓಡಿ ನಿಂತಿತು, ಹಸಿರು ಮಿಣುಕಿತು, ಪ್ರಿಂಟರು ಕರಗುಟ್ಟಿತು. ಗಾಡಿ ಇಳಿದದ್ದೇ ಜನ ಜಿನೇಂದ್ರನನ್ನು ಕ್ಯಾಬಿನ್ನಿನಿಂದ ಎಳೆದುಕೊಂಡು ಬಂದು ಹಾಸಿನ ನಡುವೆ, ಬಿಸಿಲಲ್ಲಿ, ಮುರಗೆಪ್ಪನ ಸುತ್ತ ಗುಂಪುಗಟ್ಟಿದರು. ಮುರಗೆಪ್ಪ ಎರಡು ಚೀಟಿಗಳನ್ನೂ ಒಂದರ ಮೇಲೊಂದು ಇಟ್ಟು ಸೂರ್ಯನಿಗೆ ಹಿಡಿದ. ಅಂಕಿಯ ಮೇಲೆ ಅಂಕಿ ಕೂತಿತು. ಒಂದು ಕೂದಲೆಳೆಯೂ ಆಚೀಚೆಯಿಲ್ಲ. ಜಿನೇಂದ್ರನ ಎದೆಯಿಂದ ಹೊರಟ ಉಸಿರಿಗೆ ಎದುರಿನ ಕಬ್ಬಿನ ಗದ್ದೆ ಬಾಗಿದಂತಾಯಿತು.

ಮಾಳಸಿದ್ದ ಚೀಟಿಗಳನ್ನು ನೋಡಿದ, ತಲೆ ಕೆರೆದುಕೊಂಡ.

"ಹಂಗಾರ ಇವ್ರಿಬ್ರೂ ಕೂಡ್ಯಾರ ಬಿಡ್ರಿ," ಎಂದ.

ಯಾರೂ ನಗಲಿಲ್ಲ. ಹಲವರು ಹೌದಲ್ಲ ಎಂಬಂತೆ ಒಬ್ಬರನ್ನೊಬ್ಬರು ನೋಡಿದರು. ಮುರಗೆಪ್ಪ ಮಾತ್ರ, ಈ ಇಬ್ಬರು ಹಾವು ಮುಂಗಸಿಯೆಂದು ಕೂಸಿಗೂ ಗೊತ್ತು, ಸುಮ್ಮನಿರಲೇ ಎಂದು ಗದರಿ ಚೀಟಿಗಳನ್ನು ಮಡಚಿ ಅಂಗಿಯ ಒಳಕಿಸೆಗೆ ಇಳಿಸಿದ. ಕಾಟಾ ನಡೀಲಿ ಎಂದ. ಅಷ್ಟರಲ್ಲಿ ಜಿನೇಂದ್ರನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅವನೇ ಎಂದೋ ಉಳಿಸಿಟ್ಟ ಹೆಸರು ಕಂಡಿತು: ಅಥಣಿ ರೋಡಿನ ಕಳ್ಳ. ಅಂಗೈಯಿಂದ ಹೆಸರು ಮುಚ್ಚಿ ಕಿವಿಗೆ ಹಚ್ಚಿದ. ವರ್ಷಗಳ ಮೇಲೆ ಕೇಳಿ ಬಂದ ಮಹಾದೇವನ ದನಿ, ಬಾವಿಯ ತಳದಿಂದ ಬಂದಂತೆ ಸಣ್ಣಗೆ:

"ಜಿನೇಂದ್ರಾ, ನೀ ಹೇಳಿದ್ದು ನನಗ ಮುಟ್ಟೈತಿ. ನಿಂದು ಲೈಟ್ ಇದ್ದದ್ದೋ ಲೈಟ್ ಇಲ್ಲಾರದ್ದೋ? ನಾ ಲೈಟ್ ಇಲ್ಲಾರದ್ದು ಹಾಕೀನಿ. ಒಮ್ಮೊಮ್ಮಿ ಮಾತಾಡ್ತೈತಿ, ಒಮ್ಮೊಮ್ಮಿ ಸುಮ್ಮನ ಕುಂದರ್ತೈತಿ. ನಿನ್ನಿಯಿಂದ ಜೀವಾ ಕೈಯಾಗ ಹಿಡಕೊಂಡೀನಿ."

ನಿನ್ನೆ ಕಾಯಿ ಹಿಡಿದು ಆಣೆ ಮಾಡಿದವನು. ಫೋನಿನ ದನಿ ದೊಡ್ಡದು ಮಾಡಿ ಒಂದು ಸಲ ಎಲ್ಲರಿಗೂ ಕೇಳಿಸಿದರೆ ಸಾಕು, ಅಥಣಿಯ ರಸ್ತೆಯಲ್ಲಿ ಹುಲ್ಲು ಬೆಳೆಯುತ್ತದೆ. ಮಾಳಸಿದ್ದನ ಬಾಯಿ ಮುಚ್ಚುತ್ತದೆ. ಐದೂ ತಾಲೂಕಿನ ಕಬ್ಬು ಇಲ್ಲಿಗೇ ಹರಿದು ಬರುತ್ತದೆ. ಬೆರಳು ಆ ಗುಂಡಿಯ ಮೇಲೆ ಬಂದು ನಿಂತಿತು. ಆದರೆ ಮಹಾದೇವನ ಅಂಕಿ ಸುಳ್ಳೆಂದಾದರೆ ತನ್ನ ಅಂಕಿಗೆ ಸಾಕ್ಷಿ ಯಾರು? ಆ ಲೆಕ್ಕಾಚಾರದ ಅಡಿಯಲ್ಲಿ ಇನ್ನೊಂದಿತ್ತು. ಹಾಸಿನ ಮೇಲೆ ನಿಂತ ಮಹಾದೇವನ ದನಿಯೂ ನಿನ್ನೆ ಕೊನೆಯಲ್ಲಿ ತೆಳ್ಳಗಾಗಿರಬೇಕು, ಜನ ಕಿವಿ ಮುಂದೆ ಮಾಡಿರಬೇಕು.

ಯಾರದಪಾ ಫೋನು ಎಂದು ಮುರಗೆಪ್ಪ ಕೇಳಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ನಮ್ಮ ಮನ್ಯಾಗಿಂದ್ರಿ ಕಾಕಾ," ಎಂದ ಜಿನೇಂದ್ರ. ಆಮೇಲೆ ಫೋನಿಗೆ, ಹೆಂಡತಿಗೆ ಸಂತೆಯ ಸಾಮಾನು ಹೇಳುವ ದನಿಯಲ್ಲಿ, "ಲೈಟ್ ಇದ್ದದ್ದ ತಗೋ. ನಿಪ್ಪಾಣ್ಯಾಗ ಸಿಗತೈತಿ. ಯಾತಕ್ಕ ಅಂತ ಕೇಳಿದ್ರ ಖರೇನ ಹೇಳು," ಎಂದು ಇಟ್ಟುಬಿಟ್ಟ.

ಮಾಳಸಿದ್ದ ತಿರುಗಿ ಕ್ಯಾಬಿನ್ನಿನ ಬಾಗಿಲ ಕಡೆ ನೋಡಿದ. ತ್ರಿಶಲಾ ಖಾಲಿ ಲೋಟಗಳನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು. ಆಕೆ ಮಾಳಸಿದ್ದನನ್ನು ನೋಡಿದಳು, ಗಂಡನನ್ನು ನೋಡಿದಳು, ಲೋಟಗಳೊಡನೆ ಒಳಗೆ ಹೋದಳು. ಜಿನೇಂದ್ರನ ಅಂಗಾಲಿಗೆ ಕಬ್ಬಿಣದ ಬಿಸಿ ತಾಗಿತು. ಇಷ್ಟು ಹೊತ್ತೂ ಬರಿಗಾಲಲ್ಲಿ ಹಾಸಿನ ಮೇಲೆಯೇ ನಿಂತಿದ್ದೇನೆಂದು ಆಗ ಗೊತ್ತಾಯಿತು. ಕಿಟಕಿಯೊಳಗೆ ಕೆಂಪು ಅಂಕಿ ಉರಿಯುತ್ತಿತ್ತು. ಮುರಗೆಪ್ಪ, ಮಾಳಸಿದ್ದ, ಸುತ್ತಲಿನ ಅಷ್ಟೂ ಜನ, ನಡುವೆ ಅವನು. ಎಲ್ಲರ ಭಾರವನ್ನೂ ಕೂಡಿಸಿ ಅದು ಒಂದೇ ಅಂಕಿ ತೋರಿಸುತ್ತಿತ್ತು, ಅದರಲ್ಲಿ ತನ್ನದೆಷ್ಟೆಂದು ಅವನು ಎಷ್ಟು ನೋಡಿದರೂ ಬಿಡಿಸಲಾಗಲಿಲ್ಲ.